ಹೊಸ ನೆಲ, ಹೊಸ ರಾಜ್ಯ: ಅಮೆರಿಕದ ಸಂವಿಧಾನ ಮತ್ತು ಪಶ್ಚಿಮದ ಭೂಮಿ

ಬ್ರಿಟನ್ನಿನ ವಿರುದ್ಧ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1777ರ ನವೆಂಬರ್‌ನಲ್ಲಿ, ಅಮೆರಿಕದ ಹದಿಮೂರು ರಾಜ್ಯಗಳ ಪ್ರತಿನಿಧಿಗಳು ಸೇರಿದ್ದ ಕಾಂಗ್ರೆಸ್ ಎಂಬ ಸಭೆ ತಮ್ಮ ಒಕ್ಕೂಟಕ್ಕೆಂದು ಲಿಖಿತ ಕರಾರೊಂದನ್ನು ಅಂಗೀಕರಿಸಿತು. ಹದಿಮೂರೂ ರಾಜ್ಯಗಳು ಒಪ್ಪಿಗೆ ಕೊಟ್ಟರೆ ಮಾತ್ರ ಆ ಕರಾರು ಜಾರಿಗೆ ಬರುವುದೆಂದು ನಿಶ್ಚಯವಾಗಿತ್ತು. 1779ರ ಆರಂಭದ ಹೊತ್ತಿಗೆ ಹನ್ನೆರಡು ರಾಜ್ಯಗಳು ಒಪ್ಪಿದವು. ಮೇರಿಲ್ಯಾಂಡ್ ಒಂದೇ ಒಪ್ಪದೆ ಉಳಿಯಿತು. ಅದು ಸಹಿ ಹಾಕಿದ್ದು 1781ರ ಮಾರ್ಚ್ 1ರಂದು. ಯುದ್ಧ ನಡೆಸಲು ಹಣವೂ ಸೈನಿಕರೂ ಸಾಲದ ಕಾಲದಲ್ಲಿ ಒಂದು ಸಣ್ಣ ರಾಜ್ಯ ಎರಡು ವರ್ಷಕ್ಕೂ ಹೆಚ್ಚು ಕಾಲ ಇಡೀ ಒಕ್ಕೂಟವನ್ನು ಕಾಯಿಸಲು ಕಾರಣ ಅಪಲೇಚಿಯನ್ ಪರ್ವತಗಳ ಆಚೆಗಿದ್ದ ಭೂಮಿ.

ವರ್ಜೀನಿಯಾದಂತಹ ಕೆಲವು ರಾಜ್ಯಗಳು, ವಸಾಹತುಗಳಾಗಿದ್ದಾಗ ಇಂಗ್ಲೆಂಡಿನ ದೊರೆಗಳಿಂದ ಪಡೆದ ಸನದುಗಳನ್ನು ಮುಂದಿಟ್ಟು, ಮಿಸಿಸಿಪ್ಪಿ ನದಿಯವರೆಗಿನ ನೆಲವೆಲ್ಲ ತಮ್ಮದೆಂದು ಹೇಳುತ್ತಿದ್ದವು. ಮೇರಿಲ್ಯಾಂಡ್, ನ್ಯೂಜೆರ್ಸಿ, ಡೆಲವೇರ್ ರಾಜ್ಯಗಳಿಗೆ ಅಂತಹ ಹಕ್ಕು ಇರಲಿಲ್ಲ. ಭೂಮಿ ಮಾರಿ ಯುದ್ಧದ ಸಾಲ ತೀರಿಸಬಲ್ಲ ರಾಜ್ಯ ತನ್ನ ಪ್ರಜೆಗಳ ಮೇಲೆ ತೆರಿಗೆ ಹೇರಬೇಕಾಗುವುದಿಲ್ಲ. ಆಗ ನೆರೆಯ ಸಣ್ಣ ರಾಜ್ಯದ ಜನ ಅಲ್ಲಿಗೇ ಗುಳೆ ಹೋಗುತ್ತಾರೆ ಎಂಬುದು ಮೇರಿಲ್ಯಾಂಡಿನ ಅಂಜಿಕೆ. ಎಲ್ಲರ ರಕ್ತದಿಂದ ಗೆಲ್ಲುವ ನೆಲ ಎಲ್ಲರ ಸಮಾನ ಆಸ್ತಿಯಾಗಬೇಕು ಎಂದು ಅದು ಪಟ್ಟು ಹಿಡಿಯಿತು. ಈ ನಿಲುವಿನಲ್ಲಿ ತತ್ವ ಇದ್ದಷ್ಟೇ ಸ್ವಾರ್ಥವೂ ಇತ್ತು. ಪಶ್ಚಿಮದ ಭೂವ್ಯವಹಾರದ ಕಂಪನಿಗಳಲ್ಲಿ ಮೇರಿಲ್ಯಾಂಡಿನ ಪ್ರಮುಖರು ಹಣ ಹೂಡಿದ್ದರು. ಆದರೆ ಅದರ ಹಟದಿಂದ ಹೊರಬಂದ ನಿರ್ಣಯ ದೊಡ್ಡದು. 1780ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್, ರಾಜ್ಯಗಳು ಬಿಟ್ಟುಕೊಡುವ ಭೂಮಿಯನ್ನು ಎಲ್ಲರ ಹಿತಕ್ಕಾಗಿ ವಿನಿಯೋಗಿಸಲಾಗುವುದೆಂದೂ, ಅಲ್ಲಿ ಹುಟ್ಟುವ ಹೊಸ ರಾಜ್ಯಗಳು ಹಳೆಯ ರಾಜ್ಯಗಳಷ್ಟೇ ಸ್ವಾತಂತ್ರ್ಯ ಮತ್ತು ಸಾರ್ವಭೌಮತ್ವ ಹೊಂದಿರುವುವೆಂದೂ ಮಾತು ಕೊಟ್ಟಿತು. ವರ್ಜೀನಿಯಾ ತನ್ನ ಹಕ್ಕು ಬಿಡಲು ಮುಂದಾದ ಮೇಲೆ ಮೇರಿಲ್ಯಾಂಡ್ ಒಪ್ಪಿತು. ಅಮೆರಿಕದ ಸಂವಿಧಾನ ವ್ಯವಸ್ಥೆಯನ್ನೂ ಅದರ ಭೂವಿಸ್ತರಣೆಯನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಓದುವುದು ರೂಢಿ. ನನ್ನ ದೃಷ್ಟಿಯಲ್ಲಿ ಅವೆರಡೂ ಒಂದೇ ಕಥೆ. ಹೊಸ ನೆಲ ಯಾರದು, ಅಲ್ಲಿ ಯಾರ ಕಾನೂನು ನಡೆಯಬೇಕು ಎಂಬ ಪ್ರಶ್ನೆಗಳೇ ಆ ಸಂವಿಧಾನಕ್ಕೆ ಮತ್ತೆ ಮತ್ತೆ ರೂಪ ಕೊಟ್ಟಿವೆ.

ಹೀಗೆ ಜಾರಿಗೆ ಬಂದ ಕರಾರಿನಲ್ಲಿ ಕೇಂದ್ರ ಸರ್ಕಾರವೆಂಬುದು ಹೆಸರಿಗಷ್ಟೇ ಇತ್ತು. ಪ್ರತಿ ರಾಜ್ಯಕ್ಕೂ ಒಂದೇ ಮತ. ಮುಖ್ಯ ವಿಷಯಗಳಿಗೆ ಒಂಬತ್ತು ರಾಜ್ಯಗಳ ಸಮ್ಮತಿ ಬೇಕು. ತಿದ್ದುಪಡಿಗೆ ಹದಿಮೂರೂ ಒಪ್ಪಬೇಕು. ಅಧ್ಯಕ್ಷನಿಲ್ಲ, ಒಕ್ಕೂಟದ ಕಾಯಂ ನ್ಯಾಯಾಂಗವಿಲ್ಲ, ತೆರಿಗೆ ವಿಧಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. ಆಮದು ಸರಕಿನ ಮೇಲೆ ಶೇ. 5ರಷ್ಟು ಸುಂಕ ವಿಧಿಸಲು ಅವಕಾಶ ಕೊಡಿ ಎಂದು 1781ರಲ್ಲಿ ಕಾಂಗ್ರೆಸ್ ಕೇಳಿಕೊಂಡಾಗ ರೋಡ್ ಐಲೆಂಡ್ ಒಂದೇ ನಿರಾಕರಿಸಿದ್ದರಿಂದ ಆ ಯೋಜನೆ ಬಿದ್ದುಹೋಯಿತು. 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಮಿಸಿಸಿಪ್ಪಿಯವರೆಗಿನ ನೆಲವನ್ನು ಬಿಟ್ಟುಕೊಟ್ಟಿತು, ನಿಜ. ಆದರೆ ಆ ನದಿಯ ಮುಖದಲ್ಲಿದ್ದ ನ್ಯೂ ಆರ್ಲಿಯನ್ಸ್ ಸ್ಪೇನಿನ ವಶದಲ್ಲಿತ್ತು, ಮತ್ತು 1784ರಲ್ಲಿ ಸ್ಪೇನ್ ಅಮೆರಿಕನ್ನರ ದೋಣಿಗಳಿಗೆ ಆ ದಾರಿ ಮುಚ್ಚಿತು. ವ್ಯಾಪಾರ ಸೌಲಭ್ಯಕ್ಕೆ ಪ್ರತಿಯಾಗಿ ನದಿಯ ಹಕ್ಕನ್ನು ಹಲವು ವರ್ಷ ಬಿಟ್ಟುಕೊಡೋಣವೆಂದು ಉತ್ತರದ ಏಳು ರಾಜ್ಯಗಳು 1786ರಲ್ಲಿ ಮತ ಹಾಕಿದಾಗ ದಕ್ಷಿಣದವರು ಕೆರಳಿದರು. ಒಂಬತ್ತು ಮತ ಬೇಕಿದ್ದುದರಿಂದ ಆ ಒಪ್ಪಂದ ಆಗಲಿಲ್ಲ. ಯಾವುದೇ ವಿದೇಶಿ ಒಪ್ಪಂದಕ್ಕೆ ಸೆನೆಟ್‌ನ ಮೂರನೇ ಎರಡು ಭಾಗದ ಬೆಂಬಲ ಬೇಕೆಂಬ ನಿಯಮವನ್ನು ಮರುವರ್ಷ ಸಂವಿಧಾನದಲ್ಲಿ ಸೇರಿಸುವಾಗ ಈ ನದಿಯ ಜಗಳ ಎಲ್ಲರ ನೆನಪಿನಲ್ಲೂ ಹಸಿಯಾಗಿತ್ತು. ಅದೇ ಕಾಲಕ್ಕೆ ಮ್ಯಾಸಚೂಸೆಟ್ಸ್‌ನಲ್ಲಿ ಸಾಲ ಮತ್ತು ತೆರಿಗೆಗಳಿಂದ ಬಸವಳಿದ ರೈತರು ಡೇನಿಯಲ್ ಶೇಸ್ ಮುಂತಾದವರ ನಾಯಕತ್ವದಲ್ಲಿ ನ್ಯಾಯಾಲಯಗಳನ್ನು ಮುಚ್ಚಿಸಿ, 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರದತ್ತ ನುಗ್ಗಿದರು. ಅವರನ್ನು ತಡೆಯಲು ಕಾಂಗ್ರೆಸ್‌ನ ಕೈಯಲ್ಲಿ ಸೈನ್ಯವೇ ಇರಲಿಲ್ಲ. ರಾಜ್ಯದ ಸೇನೆ ಮತ್ತು ಸಿರಿವಂತರ ದೇಣಿಗೆಯಿಂದ ಕೂಡಿಸಿದ ಪಡೆ ಆ ಕೆಲಸ ಮಾಡಬೇಕಾಯಿತು.

ಇಷ್ಟು ದುರ್ಬಲವಾಗಿದ್ದ ಆ ಕಾಂಗ್ರೆಸ್ ಭೂಮಿಯ ವಿಷಯದಲ್ಲಿ ಮಾತ್ರ ಅಸಾಧಾರಣ ದೂರದೃಷ್ಟಿ ತೋರಿತು. 1785ರ ಭೂ ಶಾಸನದ ಪ್ರಕಾರ ಓಹಾಯೋ ನದಿಯ ಆಚೆಗಿನ ನೆಲವನ್ನು ಮೊದಲು ಅಳೆದು, ಆಮೇಲೆ ಮಾರಬೇಕಿತ್ತು. ಭೂಮಾಪಕರು 66 ಅಡಿ ಉದ್ದದ ಕಬ್ಬಿಣದ ಸರಪಳಿ ಹಿಡಿದು, ಕಾಡು ಕಣಿವೆಗಳ ನಡುವೆ ನೇರ ಗೆರೆ ಎಳೆಯುತ್ತ, ಆರು ಮೈಲಿ ಉದ್ದ ಆರು ಮೈಲಿ ಅಗಲದ ಚೌಕಗಳನ್ನು ಗುರುತಿಸಿದರು. ಇಂತಹ ಒಂದು ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಪ್ರತಿ ಟೌನ್‌ಶಿಪ್‌ನಲ್ಲಿ 36 ಭಾಗಗಳು, ಒಂದೊಂದು ಭಾಗಕ್ಕೆ 640 ಎಕರೆ; ಅವುಗಳಲ್ಲಿ 16ನೆಯ ಭಾಗವನ್ನು ಶಾಲೆಗಾಗಿ ಮೀಸಲಿಡಬೇಕು. ಬೆಲೆ ಎಕರೆಗೆ ಕನಿಷ್ಠ ಒಂದು ಡಾಲರ್. ಆದರೆ ಬಿಡಿಯಾಗಿ ಕೊಳ್ಳುವವರೂ ಪೂರ್ತಿ ಒಂದು ಭಾಗವನ್ನೇ ಕೊಳ್ಳಬೇಕಿದ್ದುದರಿಂದ 640 ಡಾಲರ್ ಹೊಂದಿಸಲಾಗದ ಸಾಮಾನ್ಯ ರೈತನಿಗೆ ಇದು ಎಟುಕುತ್ತಿರಲಿಲ್ಲ. ಲಾಭ ದೊಡ್ಡ ಕಂಪನಿಗಳಿಗೆ ಹೋಯಿತು. ಏನೇ ಇರಲಿ, ಅಮೆರಿಕದ ಮಧ್ಯಭಾಗದ ಮೇಲೆ ವಿಮಾನದಲ್ಲಿ ಹಾರುವಾಗ ಕೆಳಗೆ ಕಾಣುವ ಚದುರಂಗದ ಹಾಸಿನಂತಹ ಹೊಲಗಳು ಮತ್ತು ನೇರ ರಸ್ತೆಗಳು ಈ ಶಾಸನದ ಗುರುತುಗಳೇ.

ಭೂಮಿ ಮಾರಿದರೆ ಸಾಲದು, ಅಲ್ಲಿ ನೆಲೆಸುವವರನ್ನು ಆಳುವುದು ಹೇಗೆ? ಇದಕ್ಕೆ ಉತ್ತರವೇ 1787ರ ಜುಲೈ 13ರಂದು ನ್ಯೂಯಾರ್ಕ್‌ನಲ್ಲಿ ಕಾಂಗ್ರೆಸ್ ಅಂಗೀಕರಿಸಿದ ವಾಯವ್ಯ ಪ್ರಾಂತ್ಯ ಶಾಸನ. ಆ ದಿನ ಹಾಜರಿದ್ದದ್ದು ಎಂಟು ರಾಜ್ಯಗಳ ಪ್ರತಿನಿಧಿಗಳು ಮಾತ್ರ. ವಿರೋಧಿಸಿದವರು ನ್ಯೂಯಾರ್ಕಿನ ಏಬ್ರಹಾಂ ಯೇಟ್ಸ್ ಒಬ್ಬರೇ. ಶಾಸನ ಮೂರು ಹಂತಗಳನ್ನು ಹಾಕಿಕೊಟ್ಟಿತು. ಮೊದಲು ಕಾಂಗ್ರೆಸ್ ನೇಮಿಸಿದ ಗವರ್ನರ್, ಒಬ್ಬ ಕಾರ್ಯದರ್ಶಿ ಮತ್ತು ಮೂವರು ನ್ಯಾಯಾಧೀಶರ ಆಡಳಿತ. ವಯಸ್ಕ ಸ್ವತಂತ್ರ ಪುರುಷರ ಸಂಖ್ಯೆ 5,000 ಮುಟ್ಟಿದಾಗ ಚುನಾಯಿತ ಸಭೆ, ಜೊತೆಗೆ ಮತ ಹಾಕುವ ಹಕ್ಕಿಲ್ಲದ, ಮಾತಾಡುವ ಹಕ್ಕು ಮಾತ್ರವಿದ್ದ ಒಬ್ಬ ಪ್ರತಿನಿಧಿ ಕಾಂಗ್ರೆಸ್‌ನಲ್ಲಿ. ಸ್ವತಂತ್ರ ನಿವಾಸಿಗಳು 60,000 ಆದಾಗ ಸ್ವಂತ ಸಂವಿಧಾನ ಬರೆದುಕೊಂಡು, ಮೂಲ ರಾಜ್ಯಗಳಿಗೆ ಎಲ್ಲ ರೀತಿಯಲ್ಲೂ ಸಮಾನವಾಗಿ ಒಕ್ಕೂಟಕ್ಕೆ ಪ್ರವೇಶ. ಧಾರ್ಮಿಕ ಸ್ವಾತಂತ್ರ್ಯ, ಜ್ಯೂರಿ ವಿಚಾರಣೆ, ಅಕ್ರಮ ಬಂಧನದ ವಿರುದ್ಧ ರಕ್ಷಣೆ ಇವೆಲ್ಲವನ್ನೂ ಅದು ಖಾತರಿಪಡಿಸಿತು. ಒಕ್ಕೂಟದ ಹಕ್ಕುಗಳ ಪಟ್ಟಿ ಬರುವುದಕ್ಕೆ ನಾಲ್ಕು ವರ್ಷ ಮೊದಲು.

ಇದರ ಮಹತ್ವವನ್ನು ಆ ಕಾಲದ ಬೆಳಕಿನಲ್ಲೇ ಅಳೆಯಬೇಕು. ಹೊಸ ನೆಲ ಗೆದ್ದ ರಾಷ್ಟ್ರ ಅದನ್ನು ಅಧೀನ ವಸಾಹತಾಗಿ ಇಟ್ಟುಕೊಳ್ಳುವುದೇ ಅಂದಿನ ಪದ್ಧತಿ. ಸ್ವತಃ ವಸಾಹತಾಗಿ ಇದ್ದು ಬಂದವರು ಆ ಪದ್ಧತಿಯನ್ನು ತಮ್ಮ ಪಶ್ಚಿಮದ ವಲಸೆಗಾರರ ಮೇಲೆ ಹೇರಬಾರದೆಂದು ತೀರ್ಮಾನಿಸಿದರು. ಓಹಾಯೋ 1803ರಲ್ಲಿ, ಇಂಡಿಯಾನಾ 1816ರಲ್ಲಿ, ಇಲಿನಾಯ್ 1818ರಲ್ಲಿ, ಮಿಷಿಗನ್ 1837ರಲ್ಲಿ, ವಿಸ್ಕಾನ್ಸಿನ್ 1848ರಲ್ಲಿ ಈ ಹಾದಿಯಲ್ಲೇ ರಾಜ್ಯಗಳಾದವು. ಶಾಸನದ ಆರನೆಯ ವಿಧಿ ಆ ಪ್ರಾಂತ್ಯದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತು. ಅದರ ಪದಗಳು ಬಹುಪಾಲು ಹಾಗೆಯೇ 1865ರ ಹದಿಮೂರನೆಯ ತಿದ್ದುಪಡಿಯಲ್ಲಿ ಸೇರಿದವು. ಆದರೆ ಅದೇ ವಿಧಿ ತಪ್ಪಿಸಿಕೊಂಡು ಬಂದ ಗುಲಾಮರನ್ನು ಒಡೆಯರಿಗೆ ಒಪ್ಪಿಸಲೂ ಅವಕಾಶ ಕೊಟ್ಟಿತು. ಮೂಲನಿವಾಸಿಗಳ ಜೊತೆ ಸದಾ ಸದ್ಭಾವದಿಂದ ನಡೆದುಕೊಳ್ಳಬೇಕು, ಅವರ ಒಪ್ಪಿಗೆಯಿಲ್ಲದೆ ಅವರ ಭೂಮಿಯನ್ನು ತೆಗೆದುಕೊಳ್ಳಬಾರದು ಎಂದೂ ಶಾಸನದಲ್ಲಿ ಬರೆದಿತ್ತು. ಸರಪಳಿ ಹಿಡಿದು ಅಳೆಯುತ್ತಿದ್ದ ನೆಲವೇ ಅವರದಾಗಿತ್ತು ಎಂಬುದನ್ನು ಮರೆತರೆ ಈ ಮಾತಿನ ಭಾರ ತಿಳಿಯುವುದಿಲ್ಲ.

ನ್ಯೂಯಾರ್ಕ್‌ನಲ್ಲಿ ಈ ಶಾಸನ ಆಗುತ್ತಿದ್ದಾಗ ಫಿಲಡೆಲ್ಫಿಯಾದಲ್ಲಿ, ಕದ ಮುಚ್ಚಿದ ಸಭಾಂಗಣದಲ್ಲಿ, ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷತೆಯಲ್ಲಿ, ಹೊಸ ಸಂವಿಧಾನ ರೂಪಿಸುತ್ತಿದ್ದ ಮತ್ತೊಂದು ಸಭೆ ನಡೆದಿತ್ತು. ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಒಟ್ಟು 55 ಮಂದಿ ಬಂದುಹೋದರು. ಕೊನೆಗೆ ಸಹಿ ಹಾಕಿದವರು 39. ರೋಡ್ ಐಲೆಂಡ್ ಪ್ರತಿನಿಧಿಗಳನ್ನೇ ಕಳಿಸಲಿಲ್ಲ. ಜನಸಂಖ್ಯೆಯಂತೆ ಪ್ರಾತಿನಿಧ್ಯ ಬೇಕೆಂಬ ದೊಡ್ಡ ರಾಜ್ಯಗಳಿಗೂ ಸಮಾನ ಮತ ಬೇಕೆಂಬ ಸಣ್ಣ ರಾಜ್ಯಗಳಿಗೂ ನಡುವೆ ಜುಲೈ 16ರಂದು ಆದ ರಾಜಿಯಿಂದ ಪ್ರತಿನಿಧಿ ಸಭೆ ಮತ್ತು ಸೆನೆಟ್ ಎಂಬ ಎರಡು ಸದನಗಳು ಬಂದದ್ದು ಬಹಳ ಜನರಿಗೆ ಗೊತ್ತು. ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸುವ ನಿಯಮವೂ, ಗುಲಾಮರ ಆಮದನ್ನು 1808ಕ್ಕೆ ಮುಂಚೆ ಕಾಂಗ್ರೆಸ್ ತಡೆಯಕೂಡದೆಂಬ ನಿಯಮವೂ ಅಲ್ಲೇ ಸೇರಿದವು. ಮತದಾನವೇ ಇಲ್ಲದ ಮನುಷ್ಯರ ಎಣಿಕೆಯಿಂದ ಅವರ ಒಡೆಯರಿಗೆ ಹೆಚ್ಚು ಸ್ಥಾನಗಳು ಸಿಕ್ಕವು. ಇದನ್ನು ಕೇವಲ ರಾಜಿ ಎಂದು ಕರೆದು ಮುಂದೆ ಹೋಗುವುದು ಸರಿಯಲ್ಲ. ಮುಂದಿನ ಪ್ರತಿಯೊಂದು ಹೊಸ ರಾಜ್ಯದ ಪ್ರವೇಶವನ್ನೂ ಉತ್ತರ ದಕ್ಷಿಣಗಳ ಬಲಾಬಲದ ಪರೀಕ್ಷೆಯನ್ನಾಗಿ ಮಾಡಿದ್ದು ಈ ಲೆಕ್ಕವೇ.

ಅಷ್ಟಾಗಿ ಚರ್ಚೆಗೆ ಬಾರದ ಒಂದು ಸಂಗತಿ ಆಗಸ್ಟ್ 29ರಂದು ನಡೆಯಿತು. ಹೊಸ ರಾಜ್ಯಗಳನ್ನು ಹಳೆಯವಕ್ಕೆ ಸಮಾನವಾಗಿಯೇ ಸೇರಿಸಿಕೊಳ್ಳಬೇಕೆಂಬ ವಾಕ್ಯ ಕರಡಿನಲ್ಲಿತ್ತು. ಪಶ್ಚಿಮದವರ ಕೈಗೆ ಅಧಿಕಾರ ಹೋಗಬಾರದೆಂದು ವಾದಿಸಿದ ಗವರ್ನೂರ್ ಮಾರಿಸ್ ಅದನ್ನು ತೆಗೆಸಿದರು. ಜನ ಪಶ್ಚಿಮಕ್ಕೆ ಹೋಗಿಯೇ ಹೋಗುತ್ತಾರೆ, ಅವರನ್ನು ಮೊದಲಿನಿಂದಲೇ ಸಮಾನರೆಂದು ಕಾಣುವುದು ಒಳ್ಳೆಯ ನೀತಿ ಎಂದು ಜಾರ್ಜ್ ಮೇಸನ್ ಹೇಳಿದ್ದು ಫಲಿಸಲಿಲ್ಲ. ಆದ್ದರಿಂದ ಸಂವಿಧಾನದ ನಾಲ್ಕನೆಯ ವಿಧಿಯಲ್ಲಿ ಕಾಂಗ್ರೆಸ್ ಹೊಸ ರಾಜ್ಯಗಳನ್ನು ಸೇರಿಸಿಕೊಳ್ಳಬಹುದು ಎಂದಿದೆಯೇ ಹೊರತು ಸಮಾನತೆಯ ಮಾತಿಲ್ಲ. ಆ ತತ್ವ ಉಳಿದದ್ದು ವಾಯವ್ಯ ಶಾಸನದಿಂದ ಮತ್ತು ಅದನ್ನು ಅನುಸರಿಸಿದ ರೂಢಿಯಿಂದ. 1911ರಲ್ಲಿ, ಓಕ್ಲಹೋಮ ತನ್ನ ರಾಜಧಾನಿಯನ್ನು ಎಲ್ಲಿಡಬೇಕೆಂದು ಕಾಂಗ್ರೆಸ್ ಷರತ್ತು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಆ ರೂಢಿಗೆ ನ್ಯಾಯಾಲಯದ ಖಚಿತ ಮುದ್ರೆ ಬಿತ್ತು. ಅದೇ ನಾಲ್ಕನೆಯ ವಿಧಿಯ ಪ್ರಕಾರ, ಇರುವ ರಾಜ್ಯವೊಂದನ್ನು ಅದರ ಶಾಸನಸಭೆಯ ಸಮ್ಮತಿಯಿಲ್ಲದೆ ಒಡೆಯುವಂತಿಲ್ಲ. ಭಾರತ ಸಂವಿಧಾನದ 3ನೆಯ ವಿಧಿಯಲ್ಲಿ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಸಮ್ಮತಿ ಬೇಕಿಲ್ಲ. 1956ರಲ್ಲಿ ಮುಂಬೈ, ಹೈದರಾಬಾದ್, ಮದ್ರಾಸ್ ರಾಜ್ಯಗಳ ಕನ್ನಡ ಸೀಮೆಗಳು ಮೈಸೂರಿಗೆ ಸೇರಲು ಸಂಸತ್ತಿನ ಕಾನೂನು ಸಾಕಾದದ್ದು ಈ ವ್ಯತ್ಯಾಸದಿಂದಲೇ.

ಒಂಬತ್ತು ರಾಜ್ಯಗಳು ಅನುಮೋದಿಸಿದರೆ ಹೊಸ ಸಂವಿಧಾನ ಜಾರಿಯಾಗಬೇಕಿತ್ತು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಷೈರ್ ಒಂಬತ್ತನೆಯದಾಯಿತು. ದೊಡ್ಡ ರಾಜ್ಯಗಳಲ್ಲಿ ಅಂತರ ಬಹಳ ಕಡಿಮೆ: ಮ್ಯಾಸಚೂಸೆಟ್ಸ್‌ನಲ್ಲಿ 187ಕ್ಕೆ 168, ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕ್‌ನಲ್ಲಿ 30ಕ್ಕೆ 27. ಹಕ್ಕುಗಳ ಪಟ್ಟಿಯಿಲ್ಲ ಎಂಬ ಆಕ್ಷೇಪವನ್ನು ಮನಗಂಡ ಜೇಮ್ಸ್ ಮ್ಯಾಡಿಸನ್ ಮೊದಲ ಕಾಂಗ್ರೆಸ್‌ನಲ್ಲೇ ತಿದ್ದುಪಡಿಗಳನ್ನು ಮಂಡಿಸಿದರು; ಅವುಗಳಲ್ಲಿ ಹತ್ತು 1791ರ ಡಿಸೆಂಬರ್ 15ರಂದು ಸಂವಿಧಾನದ ಭಾಗವಾದವು. ಐದನೆಯ ತಿದ್ದುಪಡಿಯಲ್ಲಿರುವ, ನ್ಯಾಯೋಚಿತ ಪ್ರಕ್ರಿಯೆಯಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದೆಂಬ ಮಾತನ್ನು ಭಾರತದಲ್ಲೂ ಬಳಸಬೇಕೇ ಎಂಬ ಪ್ರಶ್ನೆ ಹೊತ್ತು, ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ನಮ್ಮ 21ನೆಯ ವಿಧಿಯಲ್ಲಿ ಅದರ ಬದಲು 'ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ' ಎಂದಿರುವುದರ ಹಿಂದೆ ಆ ಭೇಟಿಯ ಪ್ರಭಾವವಿದೆ.

ಹೊಸ ಸರ್ಕಾರದ ಮೊದಲ ದೊಡ್ಡ ಸೋಲು ಆದದ್ದೂ ಪಶ್ಚಿಮದಲ್ಲೇ. ವಾಯವ್ಯ ಪ್ರಾಂತ್ಯದ ಗವರ್ನರ್ ಆರ್ಥರ್ ಸೇಂಟ್ ಕ್ಲೇರ್ ನಡೆಸಿದ ಸೈನ್ಯವನ್ನು 1791ರ ನವೆಂಬರ್ 4ರ ಬೆಳಗಿನ ಜಾವ ಮಯಾಮಿ ಎಂಬ ಮೂಲನಿವಾಸಿ ಜನರ ನಾಯಕ ಲಿಟಲ್ ಟರ್ಟಲ್ ಮತ್ತು ಶಾನಿ ಜನರ ನಾಯಕ ಬ್ಲೂ ಜಾಕೆಟ್ ಅವರ ಪಡೆಗಳು ಮುತ್ತಿದವು. 600ಕ್ಕೂ ಹೆಚ್ಚು ಸೈನಿಕರು ಸತ್ತರು. ಮೂಲನಿವಾಸಿಗಳ ಕೈಯಲ್ಲಿ ಅಮೆರಿಕದ ಸೇನೆ ಕಂಡ ಅತಿ ದೊಡ್ಡ ಸೋಲು ಇದು. ಪ್ರತಿನಿಧಿ ಸಭೆ 1792ರಲ್ಲಿ ತನಿಖಾ ಸಮಿತಿಯೊಂದನ್ನು ನೇಮಿಸಿ, ಯುದ್ಧ ಇಲಾಖೆಯ ಕಾಗದಪತ್ರಗಳನ್ನು ಕೇಳಿತು. ಸಂವಿಧಾನದಲ್ಲಿ ಇಂತಹ ತನಿಖೆಯ ಅಧಿಕಾರದ ಬಗ್ಗೆ ಒಂದಕ್ಷರವೂ ಇಲ್ಲ. ವಾಷಿಂಗ್ಟನ್ ತಮ್ಮ ಸಚಿವರನ್ನು ಕೂಡಿಸಿ ಚರ್ಚಿಸಿದರು. ಸದನಕ್ಕೆ ಕೇಳುವ ಹಕ್ಕಿದೆ, ಆದರೆ ಬಹಿರಂಗವಾದರೆ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವಂಥವನ್ನು ಅಧ್ಯಕ್ಷರು ತಡೆಹಿಡಿಯಬಹುದು ಎಂಬ ನಿಲುವಿಗೆ ಬಂದು, ಆ ಸಲ ಕಾಗದಗಳನ್ನು ಕೊಟ್ಟರು. ಇಂದಿಗೂ ಕಾಂಗ್ರೆಸ್ ಮತ್ತು ಅಧ್ಯಕ್ಷರ ನಡುವೆ ದಾಖಲೆಗಳ ಜಗಳವಾದಾಗ ಎರಡೂ ಪಕ್ಷದವರು ನೆನೆಯುವ ಪೂರ್ವನಿದರ್ಶನ ಇದೇ. ಸೈನ್ಯ ಮತ್ತೆ ಕಟ್ಟಲಾಯಿತು. 1794ರಲ್ಲಿ ಫಾಲನ್ ಟಿಂಬರ್ಸ್ ಎಂಬಲ್ಲಿ ಮೂಲನಿವಾಸಿಗಳ ಒಕ್ಕೂಟ ಸೋತಿತು, ಮರುವರ್ಷ ಗ್ರೀನ್‌ವಿಲ್ ಒಪ್ಪಂದದಲ್ಲಿ ಇಂದಿನ ಓಹಾಯೋದ ಬಹುಭಾಗ ಅವರ ಕೈಬಿಟ್ಟಿತು.

1803ನೆಯ ವರ್ಷ ಎರಡು ತೀರ್ಮಾನಗಳನ್ನು ಒಟ್ಟಿಗೆ ತಂದಿತು. ಫೆಬ್ರವರಿ 24ರಂದು, ವಿಲಿಯಂ ಮಾರ್ಬರಿ ಎಂಬವರ ನೇಮಕಾತಿ ಪತ್ರದ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಸಂವಿಧಾನಕ್ಕೆ ವಿರುದ್ಧವಾದ ಶಾಸನ ಶಾಸನವೇ ಅಲ್ಲ, ಅದನ್ನು ಹೇಳುವುದು ನ್ಯಾಯಾಲಯದ ಕರ್ತವ್ಯ ಎಂದು ಸಾರಿದರು. ಎರಡು ತಿಂಗಳ ನಂತರ, ಏಪ್ರಿಲ್ 30ರ ದಿನಾಂಕದ ಒಪ್ಪಂದದಲ್ಲಿ ಫ್ರಾನ್ಸ್ ಲೂಸಿಯಾನಾವನ್ನು, ಅಂದರೆ ಮಿಸಿಸಿಪ್ಪಿಯ ಪಶ್ಚಿಮಕ್ಕಿದ್ದ ವಿಶಾಲ ಪ್ರದೇಶವನ್ನು, ಅಮೆರಿಕಕ್ಕೆ ಮಾರಿತು.

ಈ ಖರೀದಿ ಯಾರೂ ಯೋಜಿಸಿದ್ದಲ್ಲ. ಸ್ಪೇನ್ 1800ರಲ್ಲಿ ಗುಟ್ಟಾಗಿ ಆ ನೆಲವನ್ನು ನೆಪೋಲಿಯನ್ನನಿಗೆ ಒಪ್ಪಿಸಲು ಒಪ್ಪಿತ್ತು. 1802ರ ಅಕ್ಟೋಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಸ್ಪೇನಿನ ಅಧಿಕಾರಿ ಅಮೆರಿಕನ್ನರಿಗೆ ಅಲ್ಲಿ ಸರಕು ಇಳಿಸಿ ಇಡುವ ಹಕ್ಕನ್ನು ರದ್ದು ಮಾಡಿದಾಗ ಪಶ್ಚಿಮದ ರೈತರು ಗದ್ದಲವೆಬ್ಬಿಸಿದರು. ಅಧ್ಯಕ್ಷ ಥಾಮಸ್ ಜೆಫರ್ಸನ್ ಆ ಬಂದರನ್ನಷ್ಟೇ ಕೊಳ್ಳಲು ಪ್ಯಾರಿಸ್‌ನಲ್ಲಿದ್ದ ರಾಬರ್ಟ್ ಲಿವಿಂಗ್‌ಸ್ಟನ್ ಜೊತೆಗೆ ಜೇಮ್ಸ್ ಮನ್ರೋ ಅವರನ್ನೂ ಕಳಿಸಿದರು. ಅಷ್ಟರಲ್ಲಿ, ಫ್ರಾನ್ಸಿನ ವಸಾಹತಾಗಿದ್ದ ಸ್ಯಾನ್ ಡೊಮಿಂಗ್‌ನಲ್ಲಿ (ಇಂದಿನ ಹೈಟಿ) ಬಿಡುಗಡೆಗಾಗಿ ಹೋರಾಡಿದ ಕಪ್ಪು ಜನರೂ ಹಳದಿ ಜ್ವರವೂ ಸೇರಿ ಫ್ರೆಂಚ್ ಸೈನ್ಯವನ್ನು ನುಚ್ಚುನೂರು ಮಾಡಿದ್ದರು. ಆ ದ್ವೀಪ ಕೈತಪ್ಪಿದ ಮೇಲೆ ನೆಪೋಲಿಯನ್ನನಿಗೆ ಲೂಸಿಯಾನಾ ಬೇಡವಾಯಿತು. ಅಮೆರಿಕದ ವಿಸ್ತಾರ ಇಮ್ಮಡಿಯಾದದ್ದರಲ್ಲಿ ಹೈಟಿಯ ಗುಲಾಮರ ಬಂಡಾಯಕ್ಕಿರುವ ಪಾಲನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ. ಇಡೀ ಪ್ರದೇಶಕ್ಕೆ ಏನು ಕೊಡುತ್ತೀರಿ ಎಂದು ಫ್ರಾನ್ಸಿನ ವಿದೇಶಾಂಗ ಸಚಿವ ಟ್ಯಾಲಿರಾಂಡ್ ಕೇಳಿದಾಗ ಲಿವಿಂಗ್‌ಸ್ಟನ್ ತಬ್ಬಿಬ್ಬಾದರು. ಕೊನೆಗೆ ಒಂದೂವರೆ ಕೋಟಿ ಡಾಲರಿಗೆ ಸುಮಾರು 8,28,000 ಚದರ ಮೈಲಿ.

ಜೆಫರ್ಸನ್‌ಗೆ ಇದು ಸಂತೋಷದಷ್ಟೇ ಸಂಕಟವನ್ನೂ ತಂದಿತು. ಸಂವಿಧಾನದಲ್ಲಿ ಬರೆದಿರುವ ಅಧಿಕಾರಗಳಷ್ಟೇ ಕೇಂದ್ರಕ್ಕೆ ಉಂಟು ಎಂದು, 1791ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸಲು ಹೊರಟಾಗ ವಾದಿಸಿದ್ದವರು ಅವರೇ. ವಿದೇಶಿ ನೆಲವನ್ನು ಕೊಂಡು ಒಕ್ಕೂಟಕ್ಕೆ ಸೇರಿಸುವ ಅಧಿಕಾರ ಎಲ್ಲಿಯೂ ಬರೆದಿರಲಿಲ್ಲ. ಅವರು ತಿದ್ದುಪಡಿಯೊಂದರ ಕರಡನ್ನೂ ಬರೆದರು. ಆದರೆ ಅನುಮೋದನೆಗೆ ಆರು ತಿಂಗಳ ಗಡುವು. ನೆಪೋಲಿಯನ್ ಮನಸ್ಸು ಬದಲಿಸಬಹುದೆಂಬ ಎಚ್ಚರಿಕೆ ಪ್ಯಾರಿಸ್‌ನಿಂದ ಬಂತು. ತಿದ್ದುಪಡಿಯನ್ನು ಬದಿಗಿಟ್ಟು ಒಪ್ಪಂದವನ್ನು ಸೆನೆಟ್‌ಗೆ ಕಳಿಸಿದರು. ಅಕ್ಟೋಬರ್ 20ರಂದು 24ಕ್ಕೆ 7 ಮತಗಳಿಂದ ಅದು ಅಂಗೀಕಾರವಾಯಿತು. ಸಂವಿಧಾನವನ್ನು ಅಕ್ಷರಶಃ ಓದಬೇಕೆಂಬ ಪಕ್ಷದ ನಾಯಕನೇ ಅದನ್ನು ಎಲ್ಲರಿಗಿಂತ ಹೆಚ್ಚು ಹಿಗ್ಗಿಸಿದರು. ನಾನು ಇದನ್ನು ಬೂಟಾಟಿಕೆ ಎನ್ನಲಾರೆ. ಅವರ ಪತ್ರಗಳಲ್ಲಿ ಕಾಣುವ ಅಳುಕು ನಿಜವಾದದ್ದು. ಆದರೆ ಫ್ರಾನ್ಸ್ ಮಾರಿದ್ದರಲ್ಲಿ ಹೆಚ್ಚಿನ ಪಾಲು ನೆಲವಲ್ಲ, ನೆಲದ ಮೇಲೆ ಹಕ್ಕು ಹೂಡುವ ಅವಕಾಶ ಮಾತ್ರ. ಅಲ್ಲಿದ್ದ ಮೂಲನಿವಾಸಿ ರಾಷ್ಟ್ರಗಳಿಂದ ಭೂಮಿ ಪಡೆಯಲು ಮುಂದಿನ ದಶಕಗಳಲ್ಲಿ ಸಾಲು ಸಾಲು ಒಪ್ಪಂದಗಳೂ ಯುದ್ಧಗಳೂ ನಡೆದವು.

ಅದೇ ನೆಲದಿಂದ ಮಿಸ್ಸೂರಿ ಗುಲಾಮಗಿರಿಯ ರಾಜ್ಯವಾಗಿ ಒಳಬರಲು ಕೇಳಿದಾಗ 1820ರಲ್ಲಿ ಮೇನ್ ಅನ್ನು ಸ್ವತಂತ್ರ ರಾಜ್ಯವಾಗಿ ಜೊತೆಗೆ ಸೇರಿಸಿ, ಉಳಿದ ಲೂಸಿಯಾನಾ ಪ್ರದೇಶದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇಲ್ಲವೆಂದು ಗೆರೆ ಎಳೆದರು. ಮಾರ್ಬರಿ ತೀರ್ಪಿನ ನಂತರ ಸುಪ್ರೀಂ ಕೋರ್ಟ್ ಕಾಂಗ್ರೆಸ್‌ನ ಶಾಸನವೊಂದನ್ನು ಅಸಿಂಧುಗೊಳಿಸಿದ್ದು ಮತ್ತೆ 1857ರಲ್ಲಿ, ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ. ಅಸಿಂಧುವಾದದ್ದು ಈ ಗೆರೆಯೇ.

ಪಶ್ಚಿಮದ ಭೂಮಿ ಬಿಟ್ಟುಕೊಟ್ಟ ರಾಜ್ಯಗಳಲ್ಲಿ ಕೊನೆಯದು ಜಾರ್ಜಿಯಾ. 1802ರಲ್ಲಿ ಅದು ಇಂದಿನ ಅಲಬಾಮಾ ಮತ್ತು ಮಿಸಿಸಿಪ್ಪಿಯ ನೆಲದ ಹಕ್ಕನ್ನು ಬಿಟ್ಟಾಗ, ತನ್ನ ಗಡಿಯೊಳಗಿನ ಮೂಲನಿವಾಸಿಗಳ ಭೂಹಕ್ಕನ್ನು ಶಾಂತಿಯುತವಾಗಿ ಕೊನೆಗಾಣಿಸುವ ವಾಗ್ದಾನವನ್ನು ಕೇಂದ್ರದಿಂದ ಪಡೆಯಿತು. ಆದರೆ ಆ ಗಡಿಯೊಳಗಿದ್ದ ಚೆರೋಕೀ ಜನರು ಹೊಲ, ಶಾಲೆ, ಸೆಕ್ವೋಯ ರೂಪಿಸಿದ ಸ್ವಂತ ಲಿಪಿ ಎಲ್ಲವನ್ನೂ ಕಟ್ಟಿಕೊಂಡು, 1827ರಲ್ಲಿ ಎರಡು ಸದನಗಳು, ಮುಖ್ಯಸ್ಥ, ನ್ಯಾಯಾಲಯ ಇರುವ ಲಿಖಿತ ಸಂವಿಧಾನವನ್ನೂ ಮಾಡಿಕೊಂಡರು. ಅಮೆರಿಕನ್ನರ ಸಂವಿಧಾನವೇ ಅದಕ್ಕೆ ಮಾದರಿ. ಅದಕ್ಕೆ ಉತ್ತರವಾಗಿ, ಒಂದು ರಾಜ್ಯದೊಳಗೆ ಅದರ ಸಮ್ಮತಿಯಿಲ್ಲದೆ ಮತ್ತೊಂದು ರಾಜ್ಯ ರಚಿಸುವಂತಿಲ್ಲ ಎಂಬ ನಾಲ್ಕನೆಯ ವಿಧಿಯನ್ನೇ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ 1829ರಲ್ಲಿ ಚೆರೋಕೀಯರ ವಿರುದ್ಧ ಎತ್ತಿ ತೋರಿಸಿದರು. ಮರುವರ್ಷ ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಆಚೆಗೆ ಸಾಗಿಸುವ ಕಾಯ್ದೆ ಪ್ರತಿನಿಧಿ ಸಭೆಯಲ್ಲಿ 102ಕ್ಕೆ 97 ಮತಗಳಿಂದ ಪಾಸಾಯಿತು. 1831ರಲ್ಲಿ ಮಾರ್ಷಲ್, ಚೆರೋಕೀಯರು ವಿದೇಶಿ ರಾಷ್ಟ್ರವಲ್ಲ, ದೇಶದೊಳಗಿನ ಅವಲಂಬಿತ ರಾಷ್ಟ್ರ ಎಂದು ಹೇಳಿ ಅವರ ಮೊಕದ್ದಮೆಯನ್ನು ಕೈಬಿಟ್ಟರು. 1832ರಲ್ಲಿ ಮಿಷನರಿ ಸ್ಯಾಮ್ಯುಯೆಲ್ ವೂಸ್ಟರ್ ಅವರ ಮೊಕದ್ದಮೆಯಲ್ಲಿ, ಚೆರೋಕೀ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಎಂದು ಸ್ಪಷ್ಟವಾಗಿ ತೀರ್ಪಿತ್ತರು. ಜಾರ್ಜಿಯಾ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1835ರಲ್ಲಿ ಚೆರೋಕೀಯರ ಒಂದು ಸಣ್ಣ ಗುಂಪು ಸಹಿ ಹಾಕಿದ, ನೆಲ ಬಿಟ್ಟುಕೊಡುವ ಒಪ್ಪಂದವನ್ನು ಸೆನೆಟ್ ಒಂದೇ ಒಂದು ಮತದ ಅಂತರದಲ್ಲಿ ಅನುಮೋದಿಸಿತು. ವಿದೇಶಿ ಒಪ್ಪಂದಗಳಿಂದ ರಾಜ್ಯಗಳನ್ನು ಕಾಯಲೆಂದು ಇಟ್ಟ ಮೂರನೇ ಎರಡರ ನಿಯಮ ಇವರನ್ನು ಕಾಯಲಿಲ್ಲ. 1838ರಲ್ಲಿ ಸೈನ್ಯ ಬಂದು ಸುಮಾರು 16,000 ಜನರನ್ನು ಇಂದಿನ ಓಕ್ಲಹೋಮದ ಕಡೆಗೆ ಹೊರಡಿಸಿತು. ಸುಮಾರು 4,000 ಮಂದಿ ಸತ್ತರೆಂದು ಅಂದಾಜು.

ಮಾರ್ಷಲ್ ಅವರ ಆ ತೀರ್ಪುಗಳು ರದ್ದಾಗಲಿಲ್ಲ. ಚೆರೋಕೀಯರಂತೆಯೇ ಒಕ್ಕಲೆಬ್ಬಿಸಲ್ಪಟ್ಟ ಕ್ರೀಕ್ ಜನರಿಗೆ ಪೂರ್ವ ಓಕ್ಲಹೋಮದಲ್ಲಿ ಒಪ್ಪಂದದ ಮೂಲಕ ಕೊಟ್ಟ ನೆಲವನ್ನು ಕಾಂಗ್ರೆಸ್ ಎಂದೂ ವಿಧಿವತ್ತಾಗಿ ಹಿಂತೆಗೆದುಕೊಂಡಿಲ್ಲ, ಆದ್ದರಿಂದ ಅಪರಾಧ ಕಾನೂನಿನ ಮಟ್ಟಿಗೆ ಅದು ಇಂದಿಗೂ ಅವರ ಮೀಸಲು ಪ್ರದೇಶವೇ ಎಂದು 2020ರ ಜುಲೈ 9ರಂದು ಸುಪ್ರೀಂ ಕೋರ್ಟ್ 5ಕ್ಕೆ 4ರ ಬಹುಮತದಿಂದ ತೀರ್ಪಿತ್ತಿತು.